ಅಪ್‌ಡೇಟ್: ನಮ್ಮ ಮನೆತನದ ಇನಾಮು ಕಾಗದ ಸಿಕ್ಕಿತು

ಗದಗ ಸೀಮೆಯ ನಮ್ಮ ಹಿರಿಯರಿಗೆ ಇನಾಮು ಜಮೀನು (ಆಳುವವರು ಕಂದಾಯ ಬಿಟ್ಟು ಇಲ್ಲವೇ ಕಡಿಮೆ ಮಾಡಿ ಕೊಟ್ಟ ಭೂಮಿ) ಇತ್ತು ಎಂಬ ಮಾತಿಗೆ ದಾಖಲೆ ಎಲ್ಲಿ ಹುಡುಕಲಿ ಎಂದು ಕೇಳಿದ್ದೆ. ಅಡ್ಡಹೆಸರು ಬಿಟ್ಟು ಸರ್ವೆ ನಂಬರಿನ ಬೆನ್ನು ಹತ್ತಿ ಎಂದವರಿಗೆ ಮನಸಾರೆ ವಂದನೆ. ಪಹಣಿಯಿಂದ ಹಳೆಯ ಹಕ್ಕು ಬದಲಾವಣೆ ಪುಸ್ತಕಕ್ಕೆ, ಅಲ್ಲಿಂದ ಇನಾಮು ಕಡತಕ್ಕೆ ದಾರಿ ತೆರೆಯಿತು.

1818ರಲ್ಲಿ ಪೇಶ್ವೆಯರ ಆಳ್ವಿಕೆ ಮುಗಿದು, ಮುಂದೆ ಬ್ರಿಟಿಷರ 1852ರ ಇನಾಮು ಕಾಯ್ದೆ ಬಂದಾಗ, ಇನಾಮುದಾರರು ಸನದು (ಜಮೀನು ಕೊಟ್ಟ ಅಧಿಕೃತ ಪತ್ರ) ಮುಂತಾದ ಪುರಾವೆ ತೋರಿಸಿ ಹಕ್ಕು ಸಾಬೀತುಪಡಿಸಬೇಕಾಗಿತ್ತು. ನಮ್ಮವರು ಆಗ ಕೊಟ್ಟ ಕೈಫಿಯತ್ತು, ಅಂದರೆ ಲಿಖಿತ ಹೇಳಿಕೆ, ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯಲ್ಲಿದೆ: ಪುಟದುದ್ದಕ್ಕೂ ಮೊದಲೇ ಎಳೆದ ತಲೆಗೆರೆ, ಅದರ ಕೆಳಗೆ ಲೇಖನಿ ಎತ್ತದೆ ಬರೆದ ಅಕ್ಷರಗಳು. ಪದ ಎಲ್ಲಿ ಮುಗಿಯಿತೆಂದೇ ತಿಳಿಯದು. ಮೋಡಿ ಬಲ್ಲ ನಿವೃತ್ತ ಶಿಕ್ಷಕರೊಬ್ಬರು ಸಾಲು ಸಾಲಾಗಿ ಓದಿಕೊಟ್ಟರು; ಅವರ ಋಣ ದೊಡ್ಡದು.

ಅದರಲ್ಲಿ ವಂಶಾವಳಿಯೂ ಇದೆ. ಎಲ್ಲವೂ ಗಂಡಸರ ಹೆಸರು, ಒಬ್ಬಾಕೆಯನ್ನು ಬಿಟ್ಟು. ಗಂಡ ತೀರಿಕೊಂಡ ಮೇಲೆ ದತ್ತಕ ತೆಗೆದುಕೊಂಡವಳು ಆಕೆ. ಆ ದತ್ತಕದಿಂದಲೇ ನಮ್ಮ ಕವಲು ಹುಟ್ಟಿದ್ದು, ಆದರೂ ಮನೆಯಲ್ಲಿ ಯಾರೂ ಅವಳ ಹೆಸರು ಹೇಳಿದ್ದಿಲ್ಲ. ನನಗೆ ಜಮೀನಿಗಿಂತ ಇದೇ ದೊಡ್ಡ ಸಿಕ್ಕು.

ಈಗ ಅವಳ ತವರನ್ನು ಹುಡುಕಬೇಕು. ದತ್ತಕಪತ್ರದ ನಕಲು ಇದೇ ಕಡತಕ್ಕೆ ಸೇರಿರಬಹುದೆಂದು ಶಿಕ್ಷಕರು ಹೇಳಿದ್ದಾರೆ. ಆ ಕಡತ ನೋಡಲು ಮುಂದಿನ ವಾರ ಮತ್ತೆ ಧಾರವಾಡಕ್ಕೆ ಹೋಗುತ್ತೇನೆ.