ಬೆಳಿಗ್ಗೆ ಹೊತ್ತು ಮಾತ್ರ ಡಿಸ್ಪ್ಲೇ ಬರಲ್ಲ, ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡೋ ಡಬ್ಬ) ಹೋಗಿದ್ಯಾ?

ಪ್ರಶ್ನೆ (ಪಾಂಡವಪುರ ಕಡೆಯವರು):
ಸಾರ್ ನಮಸ್ಕಾರ, ಒಸಿ ಹೆಲ್ಪ್ ಮಾಡಿ. ನಾನೇ ಕೂತ್ಕಂಡು ಜೋಡಿಸಿದ ಪಿಸಿ, ನಮ್ ಭಾವ ಮದುವೆ ವಿಡಿಯೋ ಎಡಿಟಿಂಗ್ ಮಾಡ್ತಾರೆ ಅದುಕ್ಕೆ. ರೈಜನ್ 5 7600 ಪ್ರೊಸೆಸರ್, ಬಿ650 ಮದರ್‌ಬೋರ್ಡು (ಇದೊಂದು ಸೆಕೆಂಡ್ ಹ್ಯಾಂಡು), 16 ಜಿಬಿ ಡಿಡಿಆರ್5 ಎರಡು ಸ್ಟಿಕ್ಕು, 650 ವಾಟ್ ಎಸ್‌ಎಂಪಿಎಸ್, ಬೇರೆ ಗ್ರಾಫಿಕ್ಸ್ ಕಾರ್ಡೂ ಅದೆ. ಒಂದೂವರೆ ತಿಂಗಳಿಂದ ಏನಾಗ್ತದೆ ಅಂದ್ರೆ ಬೆಳಿಗ್ಗೆ ಬಟನ್ ಒತ್ತಿದ್ರೆ ಫ್ಯಾನೆಲ್ಲಾ ಗಿರ್ ಅಂತ ತಿರುಗ್ತವೆ ಲೈಟೂ ಬತ್ತದೆ, ಮಾನಿಟರ್ ಮಾತ್ರ ನೋ ಸಿಗ್ನಲ್. ಅರ್ಧ ನಿಮಿಷ ನೋಡದು, ಬಟನ್ ಅದುಮಿ ಹಿಡ್ದು ಆಫ್ ಮಾಡದು, ತಿರ್ಗಾ ಆನು, ಹಿಂಗೇ ನಾಕೈದು ಸಲ. ಕೊನೆಗೆ ಹಾಳಾಗೋಗ್ಲಿ ಅಂತ ಹಂಗೇ ಬುಟ್ಟು ಡೈರಿಗೆ ಹಾಲು ಹಾಕ್ಬುಟ್ಟು ಬಂದ್ರೆ ಪಾಸ್‌ವರ್ಡ್ ಕೇಳ್ಕಂಡು ಕೂತಿರ್ತದೆ! ಮಧ್ಯಾಹ್ನ ಸಂಜೆ ಎಷ್ಟ್ ಸಲ ಆಫ್ ಆನ್ ಮಾಡಿದ್ರೂ ಏನೂ ತೊಂದ್ರೆ ಇಲ್ಲ. ಅಂಗಡೀಲಿ ಕೇಳುದ್ರೆ ಎಸ್‌ಎಂಪಿಎಸ್ ಹೋಗದೆ ಹೊಸದು ಹಾಕ್ಸಿ ಅಂತಾವ್ರೆ. ಹಾಕಿಸ್ಲಾ?

ಮದ್ದೂರಿಂದ ಒಬ್ಬರು:
ರ‍್ಯಾಮ್ ಬಿಚ್ಚಿ ಎರೇಸರ್‌ನಲ್ಲಿ ಉಜ್ಜಿ ಹಾಕು ಗುರು, 99% ಅದೇ.

ಮೈಸೂರು ವಿಜಯನಗರದೋರು ಒಬ್ರು:
ಎಸ್‌ಎಂಪಿಎಸ್ಸೇ ಇರ್ಬೇಕು ಬ್ರೋ, ಚಳಿಗೆ ಕೆಪಾಸಿಟರ್ ಸ್ಟಾರ್ಟ್ ಆಗಲ್ಲ.

ಉತ್ತರ (ಸರಸ್ವತಿಪುರಂನಲ್ಲಿ ಸರ್ವಿಸ್ ಮಾಡೋರು):
ಸ್ವಲ್ಪ ತಡೀರಿ, ಏನೂ ತಗೋಬೇಡಿ ಈಗ್ಲೇ. ಹಳೇ ಎಸ್‌ಎಂಪಿಎಸ್‌ನಲ್ಲಿ ಕೆಪಾಸಿಟರ್ ವೀಕ್ ಆಗಿ ಬೆಳಿಗ್ಗೆ ಸತಾಯ್ಸೋದು ಇದೆ, ಇಲ್ಲ ಅನ್ನಲ್ಲ, ಆದ್ರೆ ನೀವು ಹಾಲು ಹಾಕಿ ಬರೋ ಅಷ್ಟರಲ್ಲಿ ತಾನಾಗೇ ಆನ್ ಆಗಿರುತ್ತೆ ಅಂದ್ರಲ್ಲ, ನನಗೆ ಅಲ್ಲೇ ಡೌಟು. ಮೂರು ವಿಷಯ ನೋಡಿ ಹೇಳಿ. ಬೋರ್ಡ್ ಮೇಲೆ ಬಲಗಡೆ ಮೂಲೇಲಿ ನಾಲ್ಕು ಪುಟಾಣಿ ಲೈಟ್ ಇರುತ್ತೆ, ಪಕ್ಕದಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಅಂತ ಬರೆದಿರುತ್ತೆ. ಡಿಸ್ಪ್ಲೇ ಬರದೇ ಇದ್ದಾಗ ಯಾವುದು ಉರೀತಾ ನಿಂತಿರುತ್ತೆ? ಎರಡನೇದು, ರಾತ್ರಿ ಗೋಡೆ ಸ್ವಿಚ್ ಆಫ್ ಮಾಡ್ತೀರಾ? ಮೂರನೇದು, ಆನ್ ಆದ ತಕ್ಷಣ ಟೈಮು ಡೇಟು ಸರಿ ಇರುತ್ತಾ?

ಪಾಂಡವಪುರ:
ಸಾರ್ ಇವತ್ತು ಬೆಳಿಗ್ಗೆ ಸೈಡ್ ಗ್ಲಾಸ್ ಬಿಚ್ಚಿಟ್ಕಂಡು ನೋಡ್ದೆ, ಡಿರ‍್ಯಾಮ್ ಲೈಟೇ. ಸ್ವಿಚ್ಚು ನಮ್ಮವ್ವ ರಾತ್ರಿ ಮಲಗೋವಾಗ ದಿನಾ ಆಫ್ ಮಾಡ್ತದೆ. ಟೈಮು ಗಮನಿಸಿರ್ಲಿಲ್ಲ, ಆದ್ರೆ ನೀವ್ ಕೇಳಿದ್ಮೇಲೆ ನೆಪ್ಪಾಯ್ತು, ಬೆಳಿಗ್ಗೆ ಬ್ರೌಸರ್‌ನಲ್ಲಿ ಯಾವ ಸೈಟ್ ಓಪನ್ ಮಾಡಿದ್ರೂ ಸೆಕ್ಯೂರ್ ಅಲ್ಲ ಅಂತ ಬತ್ತದೆ, ಒಸಿ ಹೊತ್ತಾದ್ಮೇಲೆ ತಾನಾಗೇ ಸರಿ ಹೋಯ್ತದೆ. ನೆಟ್ ಪ್ರಾಬ್ಲಮ್ಮು ಅನ್ಕಂಡಿದ್ದೆ.

ಉತ್ತರ:
ಸಿಕ್ತು ನೋಡಿ. ಅದು ನೆಟ್ಟಲ್ಲ, ಡೇಟು ಹಿಂದಕ್ಕೆ ಹೋಗಿರುತ್ತೆ, ತಪ್ಪು ಡೇಟ್ ಇದ್ರೆ ಬ್ರೌಸರ್ ಎಲ್ಲಾ ಸೈಟಿಗೂ ಹಂಗೇ ಅನ್ನುತ್ತೆ, ಆಮೇಲೆ ವಿಂಡೋಸು ನೆಟ್‌ನಿಂದ ಟೈಮ್ ತಗೊಂಡು ಸರಿ ಮಾಡ್ಕೊಳುತ್ತೆ, ಅದಕ್ಕೇ ನಿಮಗೆ ಗೊತ್ತಾಗಿಲ್ಲ. ಬೋರ್ಡಲ್ಲಿರೋ ಸೀಮಾಸ್ ಸೆಲ್ ಹೋಗಿದೆ, ಕರೆಂಟ್ ಇಲ್ದಾಗ ಟೈಮು, ಸೆಟ್ಟಿಂಗ್ ಕಾಪಾಡೋದು ಅದೇ. ಸಿಆರ್2032, ನಾಣ್ಯದ ತರ ಇರುತ್ತಲ್ಲ ಅದು.

ಈಗ ಡಿಸ್ಪ್ಲೇಗೂ ಸೆಲ್ಲಿಗೂ ಏನ್ ಸಂಬಂಧ ಅಂತೀರಾ. ಡಿಡಿಆರ್5 ಬೋರ್ಡು ಹೊಸದಾಗಿ ರ‍್ಯಾಮ್ ಕಂಡಾಗ ಅದನ್ನ ಯಾವ ಟೈಮಿಂಗ್‌ನಲ್ಲಿ ಓಡಿಸ್ಬೇಕು ಅಂತ ಅಳೆದು ನೋಡುತ್ತೆ, ಮೆಮೊರಿ ಟ್ರೈನಿಂಗ್ ಅಂತಾರೆ. ಆ ಹೊತ್ತಲ್ಲಿ ಸ್ಕ್ರೀನು ಕಪ್ಪು, ಫ್ಯಾನ್ ತಿರುಗ್ತಾ ಇರುತ್ತೆ, ಡಿರ‍್ಯಾಮ್ ಲೈಟ್ ಉರೀತಾ ಇರುತ್ತೆ, ನೋಡೋರಿಗೆ ಬೋರ್ಡ್ ಸತ್ತೋಯ್ತು ಅನ್ಸುತ್ತೆ. ಒಂದೆರಡು ನಿಮಿಷದಲ್ಲೂ ಮುಗೀಬಹುದು, 64 ಜಿಬಿ ಹಾಕಿದ್ರೆ ಇನ್ನೂ ಜಾಸ್ತೀನೂ ಹಿಡಿಬಹುದು. ನಿಮ್ಮಲ್ಲಿ ರಾತ್ರಿ ಸ್ವಿಚ್ ಆಫ್ ಆದ ತಕ್ಷಣ ಸೆಲ್ ಇಲ್ದೆ ಬಯಾಸ್ (ಆನ್ ಆದ ತಕ್ಷಣ ಮೊದಲು ಓಡೋ ಬೋರ್ಡಿನ ಸಾಫ್ಟ್‌ವೇರ್) ಸೆಟ್ಟಿಂಗ್ ಎಲ್ಲಾ ಅಳಿಸಿಹೋಗುತ್ತೆ, ಬೆಳಿಗ್ಗೆ ಬೋರ್ಡು ಮತ್ತೆ ಅ ಆ ಇ ಈಯಿಂದ ಶುರು ಮಾಡುತ್ತೆ, ಅದು ಅರ್ಧ ಕಲಿಯೋ ಅಷ್ಟರಲ್ಲಿ ನೀವು ಬಟನ್ ಅದುಮಿ ಆಫ್ ಮಾಡ್ತೀರ, ಮತ್ತೆ ಮೊದಲಿಂದ. ಹಾಲು ಹಾಕಕ್ಕೆ ಹೋದಾಗ ಮಾತ್ರ ಅದನ್ನ ಅದರ ಪಾಡಿಗೆ ಬಿಡ್ತೀರಲ್ಲ, ಅದಕ್ಕೆ ಮುಗಿಸಿಕೊಂಡು ಕೂತಿರುತ್ತೆ. ಹಗಲೊತ್ತು ಗೋಡೆ ಸ್ವಿಚ್ ಆನ್ ಇರೋದ್ರಿಂದ ಪಿಸಿ ಆಫ್ ಮಾಡಿದ್ರೂ ಎಸ್‌ಎಂಪಿಎಸ್ ಇಂದ 5 ವೋಲ್ಟ್ ಸ್ಟ್ಯಾಂಡ್‌ಬೈ ಬರ್ತಾನೇ ಇರುತ್ತೆ, ಸೆಲ್ಲಿಗೆ ಕೆಲಸ ಇಲ್ಲ.

ನಂಬಿಕೆ ಬರ್ಲಿಲ್ಲ ಅಂದ್ರೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಪರ್ಫಾರ್ಮೆನ್ಸ್, ಮೆಮೊರಿ ನೋಡಿ. ನಿಮ್ಮ ರ‍್ಯಾಮ್ 6000 ಸ್ಪೀಡಿಂದಾಗಿದ್ದು ಅಲ್ಲಿ 4800 ಅಂತ ತೋರಿಸ್ತಿದ್ರೆ ನೀವು ಆನ್ ಮಾಡಿದ್ದ ಎಕ್ಸ್‌ಪೋನೂ (ರ‍್ಯಾಮನ್ನ ಅದರ ಪೂರ್ತಿ ಸ್ಪೀಡಲ್ಲಿ ಓಡಿಸೋ ಸೆಟ್ಟಿಂಗು) ಅಳಿಸಿಹೋಗಿದೆ ಅಂತ.

ಸೆಲ್ಲು ವಾಚ್ ಅಂಗಡೀಲೂ ಸಿಗುತ್ತೆ. ಎಲ್‌ಐಆರ್2032 ಅಂತ ಕೊಟ್ರೆ ಬೇಡ ಅನ್ನಿ, ಅದು ಚಾರ್ಜ್ ಮಾಡೋದು, ವೋಲ್ಟೇಜ್ ಜಾಸ್ತಿ. ಪ್ಲಗ್ ಕಿತ್ತು, ಪವರ್ ಬಟನ್ ಒಂದ್ಸಲ ಒತ್ತಿ ಬಿಟ್ಟು, ಆಮೇಲೆ ಕೈ ಹಾಕಿ. ಸಾಮಾನ್ಯವಾಗಿ ಗ್ರಾಫಿಕ್ಸ್ ಕಾರ್ಡ್ ಕೆಳಗೇ ಅವಿತಿರುತ್ತೆ, ಕಾರ್ಡ್ ಬಿಚ್ಚಬೇಕಾಗುತ್ತೆ, ಸ್ಲಾಟ್ ಲಾಕ್ ಒತ್ತದೆ ಎಳೀಬೇಡಿ. ಪ್ಲಸ್ ಮೇಲಕ್ಕೆ. ಹಾಕಿ ಆನ್ ಮಾಡಿದ್ಮೇಲೆ ಹತ್ತು ನಿಮಿಷ ಬಟನ್ ಕಡೆ ತಿರುಗೂ ನೋಡ್ಬೇಡಿ. ಆಮೇಲೆ ಬಯಾಸಿಗೆ ಹೋಗಿ ಟೈಮು, ಎಕ್ಸ್‌ಪೋ ಸೆಟ್ ಮಾಡಿ, ಮತ್ತೆ ಒಂದ್ಸಲ ಟ್ರೈನಿಂಗ್ ಆಗುತ್ತೆ, ಹೆದರಬೇಡಿ. ಮೆಮೊರಿ ಕಾಂಟೆಕ್ಸ್ಟ್ ರಿಸ್ಟೋರ್ ಅಂತ ಒಂದು ಆಪ್ಷನ್ ಇದೆ, ಅದು ಆನ್ ಇದ್ರೆ ಕಲಿತಿದ್ದನ್ನ ನೆನಪಿಟ್ಕೊಂಡು ಬೇಗ ಬೂಟ್ ಆಗುತ್ತೆ, ಅದನ್ನ ಹಾಕಿದ್ಮೇಲೆ ಬ್ಲೂ ಸ್ಕ್ರೀನ್ ಬಂದ್ರೆ ಮಾತ್ರ ತೆಗೆದುಬಿಡಿ.

ಎರೇಸರ್ ಹೇಳಿದವರಿಗೆ: ಡಿಡಿಆರ್2 ಕಾಲದಲ್ಲಿ ನಾನೂ ಎಷ್ಟು ಉಜ್ಜಿದೀನೋ ಲೆಕ್ಕ ಇಲ್ಲ ಸ್ವಾಮಿ, ಆದ್ರೆ ಕಿಲುಬಿದ್ರೆ ಮಧ್ಯಾಹ್ನಾನೂ ಕೈ ಕೊಡ್ತಿತ್ತು.

ಹೆಬ್ಬಾಳಿಂದ ಇನ್ನೊಬ್ಬರು:
ಅಣ್ಣ ಮಧ್ಯದಲ್ಲಿ ಬಂದಿದ್ದಕ್ಕೆ ಸಾರಿ. ನಂದು ರೈಜನ್ 5 5600, ಹೊಸ ಬಿಲ್ಡು, ಎಲ್ಲಾ ತಿರುಗುತ್ತೆ, ಡಿಸ್ಪ್ಲೇ ಇಲ್ಲ. ಗ್ರಾಫಿಕ್ಸ್ ಕಾರ್ಡ್ ಮುಂದಿನ ತಿಂಗಳು ತಗೋಳೋಣ ಅಂತಿದೀನಿ, ಸದ್ಯಕ್ಕೆ ಬೋರ್ಡಿನ ಎಚ್‌ಡಿಎಂಐಗೆ ಹಾಕಿದೀನಿ.

ಉತ್ತರ:
ಮುಂದಿನ ತಿಂಗಳವರೆಗೂ ಬರಲ್ಲ ಮರಿ. 5600 ಪ್ರೊಸೆಸರ್ ಒಳಗೆ ಡಿಸ್ಪ್ಲೇ ಕೊಡೋ ಗ್ರಾಫಿಕ್ಸ್ ಇಲ್ಲ, ಹೆಸರಲ್ಲಿ ಜಿ ಇರೋ 5600ಜಿ ತರದ್ರಲ್ಲಿ ಮಾತ್ರ ಇರೋದು. ಸ್ನೇಹಿತರ ಹತ್ರ ಒಂದು ಹಳೇ ಕಾರ್ಡ್ ಇಸ್ಕೊಂಡು ಹಾಕಿ ನೋಡು. ಪಾಂಡವಪುರದವರ 7600ರಲ್ಲಿ ಚಿಕ್ಕದೊಂದು ಇದೆ, ಅವರು ಬೇಕಾದ್ರೆ ಕಾರ್ಡ್ ಬಿಚ್ಚಿಟ್ಟೂ ಟೆಸ್ಟ್ ಮಾಡಬಹುದು.

ಪಾಂಡವಪುರ (ಎರಡು ದಿನ ಆದ್ಮೇಲೆ):
ಸಾರ್ ಆಯ್ತು ಕಣ್ ಸಾರ್!! ಹಳೇ ಸೆಲ್ಲು ನಮ್ಮೂರ ಎಲೆಕ್ಟ್ರಿಷಿಯನ್ ಮೀಟ್ರಲ್ಲಿ ಇಟ್ಟು ನೋಡುದ್ರೆ 2.1 ವೋಲ್ಟ್ ತೋರಿಸ್ತು, ಹೊಸದು 3.2. ಹಾಕಿ ಆನ್ ಮಾಡಿ ಕೈ ಕಟ್ಕಂಡು ನಿಂತಿದ್ದೆ, ಎರಡು ನಿಮಿಷ ಚಿಲ್ಲರೆ ಆಗದೆ, ಎದೆ ಡವಡವ ಅಂತಿತ್ತು, ಬಂತು. ಇವತ್ತು ಬೆಳಿಗ್ಗೆ ಒಂದೇ ಸಲಕ್ಕೆ ಬಂತು, ಡೇಟೂ ಸರಿ ಅದೆ. ರ‍್ಯಾಮ್ 4800 ಇದ್ದುದ್ದು ಈಗ 6000 ತೋರಿಸ್ತಾ ಅದೆ, ಇಷ್ಟ್ ದಿನ ಭಾವ ಅದುರಲ್ಲೇ ಎಡಿಟ್ ಮಾಡವ್ರೆ ಪಾಪ. ಒಂದೇ ಡೌಟು, ನಮ್ಮವ್ವ ಸ್ವಿಚ್ ಆಫ್ ಮಾಡದು ಬುಡಲ್ಲ ಸಾರ್, ಏನ್ ಮಾಡ್ಲಿ?

ಉತ್ತರ:
ಅವರು ಮಾಡೋದೇ ಸರಿ, ಬಿಡಿ. ಮಳೆಗಾಲದಲ್ಲಿ ಗುಡುಗು ಸಿಡಿಲು ಬಂದ್ರೆ ಪ್ಲಗ್ಗೂ ಕಿತ್ತಿಡೋಕೆ ಹೇಳಿ. ಸೆಲ್ಲು ಸ್ವಲ್ಪ ಬೇಗ ಮುಗಿಯುತ್ತೆ ಅಷ್ಟೆ, ಇನ್ನೊಂದು ತಂದು ಡ್ರಾಯರ್‌ನಲ್ಲಿ ಇಟ್ಟಿರಿ.