ಮುಚ್ಚಿಟ್ಟ ಲ್ಯಾಪ್‌ಟಾಪ್‌ನಲ್ಲಿ ರಾತ್ರೋರಾತ್ರಿ ಚಾರ್ಜ್ ಇಳಿಯೋದು: ಬ್ಯಾಟರಿ ತಪ್ಪಾ, ವಿಂಡೋಸ್ ತಪ್ಪಾ?

ಸುಮಾ_ತುಮಕೂರು
ಎಲ್ಲರಿಗೂ ನಮಸ್ಕಾರ. ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡ್ತೀನಿ. ಹೋದ ವರ್ಷ ತಗೊಂಡ ಲ್ಯಾಪ್‌ಟಾಪ್, ವಿಂಡೋಸ್ 11. ರಾತ್ರಿ ಹನ್ನೊಂದಕ್ಕೆ 90 ಪರ್ಸೆಂಟ್ ಇದ್ದಾಗ ಮುಚ್ಚಿಟ್ಟರೆ ಬೆಳಗ್ಗೆ ಒಂಬತ್ತಕ್ಕೆ 60 ಇರುತ್ತೆ. ಕೆಲವು ದಿನ ಬಸ್ಸಲ್ಲಿ ಕೂತಾಗ ಬ್ಯಾಗ್ ಮುಟ್ಟಿದರೆ ಬಿಸಿ. ಶಟ್‌ಡೌನ್ ಮಾಡಿಟ್ಟರೂ ಎರಡು ದಿನ ರಜೆ ಮುಗಿಸಿ ತೆಗೆದಾಗ ಹತ್ತು ಪರ್ಸೆಂಟ್ ಹತ್ತಿರ ಕಡಿಮೆ ಆಗಿರುತ್ತೆ. ಸರ್ವಿಸ್ ಸೆಂಟರ್‌ನವರು ಬ್ಯಾಟರಿ ಹೋಗಿದೆ, ಹೊಸದು ಹಾಕಿಸಿ ಅಂದರು. ಯಾವ ಟೆಸ್ಟೂ ತೋರಿಸಲಿಲ್ಲ. ಒಂದೇ ವರ್ಷಕ್ಕೆ ಬ್ಯಾಟರಿ ಹೋಗುತ್ತಾ? ದುಡ್ಡು ಸುರಿಯೋ ಮುಂಚೆ ಕಾರಣ ತಿಳ್ಕೋಬೇಕು.

ಹುಬ್ಬಳ್ಳಿ_ರಿಪೇರಿ
ಮೇಡಂ, ಈಗ ಬ್ಯಾಟರಿ ತಗೋಬ್ಯಾಡ್ರಿ. ಟರ್ಮಿನಲ್ (ಕಮಾಂಡ್ ಹೊಡೆಯೋ ಕಿಟಕಿ) ತೆಗೆದು 'ಪವರ್‌ಸಿಎಫ್‌ಜಿ /ಬ್ಯಾಟರಿರಿಪೋರ್ಟ್' ಅಂತ ಇಂಗ್ಲಿಷಿನ್ಯಾಗ ಹೊಡೀರಿ. ಬರೋ ಫೈಲಿನ್ಯಾಗ 'ಡಿಸೈನ್ ಕೆಪ್ಯಾಸಿಟಿ' (ಹೊಸದಿದ್ದಾಗಿನ ಅಳತಿ), 'ಫುಲ್ ಚಾರ್ಜ್ ಕೆಪ್ಯಾಸಿಟಿ' (ಈಗ ತುಂಬೋದು) ಅಂತ ಎರಡು ಅಂಕಿ ಇರ್ತಾವ. ಎರಡರ ನಡುವ ಹತ್ತು-ಹದಿನೈದು ಪರ್ಸೆಂಟ್ ಫರಕ್ ಇದ್ರ ಬ್ಯಾಟರಿ ಚಲೋ ಐತಿ ಅಂತ ತಿಳೀರಿ. ಅರ್ಧಕ್ಕ ಬಂದಿದ್ರ ಮಾತ್ರ ಬದಲಿ ಮಾಡಸ್ರಿ. ಇನ್ನ ನನ್ನ ಸಲಹೆ ಕೇಳಿದ್ರ, ಸ್ಲೀಪ್ (ಮುಚ್ಚಳ ಮುಚ್ಚಿದ್ರ ಬರೋ ನಿದ್ದಿ) ನಂಬಬ್ಯಾಡ್ರಿ. ಕೆಲಸ ಮುಗೀತು ಅಂದ್ರ ಶಟ್‌ಡೌನ್. ನಮ್ಮ ಅಂಗಡಿಗೆ ಬರೋ ಎಲ್ಲಾರಿಗೂ ಇದನ್ನ ಹೇಳತೀನಿ.

ಫರ್ಮ್‌ವೇರ್_ಕಿರಣ್
ರಿಪೋರ್ಟ್ ವಿಚಾರದಲ್ಲಿ ಅಣ್ಣ ಹೇಳಿದ್ದು ಸರಿ. ಮೇಡಂ, ನಿಮ್ಮ ಅಂಕಿಗಳಿಂದಲೇ ಒಂದು ಲೆಕ್ಕ ಹಾಕೋಣ. ಬ್ಯಾಟರಿ 50 ವ್ಯಾಟ್-ಅವರ್ ಅಂತ ಇಟ್ಕೊಳ್ಳಿ. 30 ಪರ್ಸೆಂಟ್ ಅಂದರೆ 15 ವ್ಯಾಟ್-ಅವರ್. ಹತ್ತು ಗಂಟೆಗೆ ಭಾಗಿಸಿದರೆ ಸರಾಸರಿ 1.5 ವ್ಯಾಟ್. ಸರಿಯಾಗಿ ಮಲಗಿದ ಲ್ಯಾಪ್‌ಟಾಪ್‌ಗೆ ಅದರ ಮೂರನೇ ಒಂದು ಭಾಗವೂ ಬೇಡ. ಅಂದರೆ ನಿಮ್ಮ ಮಷೀನ್ ಮುಚ್ಚಿದ ಮೇಲೂ ಒಳಗೆ ಏನೋ ಕೆಲಸ ಮಾಡ್ತಿದೆ. ಬ್ಯಾಗ್ ಬಿಸಿಯಾಗೋದಕ್ಕೂ ಅದೇ ಕಾರಣ. ಬ್ಯಾಟರಿ ಬದಲಿಸಿದರೆ ಹೊಸ ಬ್ಯಾಟರಿಯೂ ಹೀಗೇ ಖಾಲಿಯಾಗುತ್ತೆ.

ಹಳೇ ಲ್ಯಾಪ್‌ಟಾಪ್‌ಗಳಲ್ಲಿ ಇದ್ದ ನಿದ್ದೆಗೆ ಎಸ್3 ಅಂತ ಹೆಸರು. 1996ರ ಎಸಿಪಿಐ (ಕಂಪ್ಯೂಟರ್ ಪವರ್ ನಿರ್ವಹಣೆಯ ಸ್ಟ್ಯಾಂಡರ್ಡ್) ಸ್ಪೆಸಿಫಿಕೇಶನ್‌ನಿಂದಲೂ ಇದೆ. ಅದರಲ್ಲಿ ಪ್ರೊಸೆಸರ್ ಪೂರ್ತಿ ಆಫ್, ರ‍್ಯಾಮ್‌ಗೆ ಮಾತ್ರ ಕರೆಂಟ್. 2012ರಲ್ಲಿ ವಿಂಡೋಸ್ 8 ಜೊತೆ 'ಕನೆಕ್ಟೆಡ್ ಸ್ಟ್ಯಾಂಡ್‌ಬೈ' ಬಂತು, ವಿಂಡೋಸ್ 10ರಲ್ಲಿ 'ಮಾಡರ್ನ್ ಸ್ಟ್ಯಾಂಡ್‌ಬೈ' ಆಯ್ತು. ಇದರಲ್ಲಿ ಮಷೀನ್ ಆಫ್ ಆಗೋದೇ ಇಲ್ಲ. ಸ್ಕ್ರೀನ್ ಆರಿರುತ್ತೆ, ಒಳಗಿನ ಭಾಗಗಳು ಒಂದೊಂದಾಗಿ ಮಲಗಬೇಕು, ಆಗಾಗ ಎದ್ದು ನೆಟ್‌ವರ್ಕ್ ನೋಡಿ ಮತ್ತೆ ಮಲಗಬೇಕು. ದಿಬ್ಬಣದ ಬಸ್ಸಿನ ಹಾಗೆ, ಒಬ್ಬರು ಹತ್ತದಿದ್ದರೂ ಬಸ್ ಹೊರಡಲ್ಲ. ವೈಫೈ ಚಿಪ್ ಒಂದೇ ಎಚ್ಚರ ಇದ್ದರೂ ಪ್ರೊಸೆಸರ್ ಆಳದ ನಿದ್ದೆಗೆ ಇಳಿಯಲ್ಲ.

'ಪವರ್‌ಸಿಎಫ್‌ಜಿ /ಎ' ಹೊಡೆದು ನೋಡಿ. ಎಸ್0 ಲೋ ಪವರ್ ಐಡಲ್ (ಮಾಡರ್ನ್ ಸ್ಟ್ಯಾಂಡ್‌ಬೈಯ ಇನ್ನೊಂದು ಹೆಸರು) ಇದೆ, ಎಸ್3 ಫರ್ಮ್‌ವೇರ್‌ನಲ್ಲಿ (ಮಷೀನ್ ಒಳಗೇ ಇರೋ ಮೂಲ ಸಾಫ್ಟ್‌ವೇರ್) ಇಲ್ಲ ಅಂತ ಬಂದರೆ ನಿಮ್ಮದು ಈ ಹೊಸ ಜಾತಿ.

ಉಜಿರೆ_ಲಿನಕ್ಸ್
ಕಿರಣ್, ಇದನ್ನೇ ನಾನು ವರ್ಷಗಳಿಂದ ಕೇಳುತ್ತಾ ಬಂದಿದ್ದೇನೆ. ಚೆನ್ನಾಗಿ ಕೆಲಸ ಮಾಡುತ್ತಿದ್ದ ಎಸ್3 ತೆಗೆದದ್ದು ಯಾಕೆ? ರಾತ್ರಿ ಮುಚ್ಚಿಟ್ಟ ಲ್ಯಾಪ್‌ಟಾಪ್‌ನಲ್ಲಿ ಮೇಲ್ ಬಂದು ಬೀಳಬೇಕು ಅಂತ ಯಾರು ಕೇಳಿದ್ದರು? ಅದಕ್ಕೆ ಕೈಯಲ್ಲಿ ಫೋನ್ ಇದೆಯಲ್ಲ. ನನ್ನ ಹಳೇ ಮಷೀನ್‌ನಲ್ಲಿ ಲಿನಕ್ಸ್ ಕರ್ನಲ್‌ನ (ಆಪರೇಟಿಂಗ್ ಸಿಸ್ಟಂನ ತಿರುಳು) 'ಮೆಮ್ ಸ್ಲೀಪ್' ಫೈಲ್ ತೆರೆದರೆ 'ಎಸ್2ಐಡಲ್' (ಮಾಡರ್ನ್ ಸ್ಟ್ಯಾಂಡ್‌ಬೈ ಥರದ ನಿದ್ದೆ), 'ಡೀಪ್' ಎರಡೂ ಕಾಣುತ್ತವೆ. 'ಡೀಪ್' ಆರಿಸಿಕೊಂಡರೆ ಎಸ್3. ಹೊಸತರಲ್ಲಿ 'ಎಸ್2ಐಡಲ್' ಒಂದೇ. ಬಯಾಸ್‌ನಲ್ಲೂ (ಮಷೀನ್ ಆನ್ ಆಗುವಾಗ ತೆರೆಯುವ ಮೂಲ ಸೆಟ್ಟಿಂಗ್) ಆಯ್ಕೆ ಇಲ್ಲ. ದುಡ್ಡು ಕೊಟ್ಟು ತಗೊಂಡವರಿಗೆ ತನ್ನ ಮಷೀನ್ ಹೇಗೆ ಮಲಗಬೇಕು ಅಂತ ಹೇಳುವ ಹಕ್ಕಿಲ್ಲವೆ?

ಫರ್ಮ್‌ವೇರ್_ಕಿರಣ್
ಆಯ್ಕೆ ಇರಬೇಕಿತ್ತು ಅನ್ನೋದು ಒಪ್ತೀನಿ. ಆದರೆ ಎಸ್3 ಬಂಗಾರ ಅಂತ ಹೇಳೋದು ಬೇಡ. ಎದ್ದ ಮೇಲೆ ವೈಫೈ ಸಿಗದೇ ಇರೋದು, ಸ್ಕ್ರೀನ್ ಕಪ್ಪಾಗೇ ಉಳಿಯೋದು, ಇದೆಲ್ಲ ಎಸ್3 ಕಾಲದ ನಿತ್ಯದ ಗೋಳು. ಡ್ರೈವರ್ (ಒಂದೊಂದು ಭಾಗ ನಡೆಸೋ ಸಾಫ್ಟ್‌ವೇರ್), ಫರ್ಮ್‌ವೇರ್ ಶಿಸ್ತಾಗಿ ಬರೆದಿದ್ದರೆ ಮಾಡರ್ನ್ ಸ್ಟ್ಯಾಂಡ್‌ಬೈನಲ್ಲಿ ಇಡೀ ರಾತ್ರಿಗೆ ನಾಲ್ಕೈದು ಪರ್ಸೆಂಟ್ ದಾಟಲ್ಲ, ಮುಚ್ಚಳ ತೆಗೆದ ಕೂಡಲೇ ಕೆಲಸ ಶುರು. ಶಿಸ್ತಿಲ್ಲದ ಕಡೆ ಮೇಡಂ ಹೇಳಿದ ಹಾಗೆ ಆಗುತ್ತೆ.

ಉಜಿರೆ_ಲಿನಕ್ಸ್
ಶಿಸ್ತಿದ್ದರೆ ಅಂತೀರಿ. ಆ ಶಿಸ್ತು ಇದೆಯೋ ಇಲ್ಲವೋ ಅಂತ ಅಂಗಡಿಯಲ್ಲಿ ತಗೊಳ್ಳುವಾಗ ಗೊತ್ತಾಗುವುದು ಹೇಗೆ? ಡಬ್ಬದ ಮೇಲೆ ಪ್ರೊಸೆಸರ್, ರ‍್ಯಾಮ್ ಎಲ್ಲ ಬರೆಯುತ್ತಾರೆ. ಮುಚ್ಚಿಟ್ಟರೆ ಗಂಟೆಗೆ ಎಷ್ಟು ಇಳಿಯುತ್ತದೆ ಅಂತ ಬರೆಯುವುದಿಲ್ಲ. ಬ್ಯಾಗಿನೊಳಗೆ ಗಾಳಿಯಾಡದೆ ಬಿಸಿಯಾಗುವ ಮಷೀನ್‌ನಲ್ಲಿ ಬ್ಯಾಟರಿಯ ಆಯಸ್ಸೂ ಕಡಿಮೆಯಾಗುತ್ತದೆ, ಅದರ ಖರ್ಚು ನಮ್ಮದೇ.

ಸುಮಾ_ತುಮಕೂರು
ರಿಪೋರ್ಟ್ ತೆಗೆದೆ. ಡಿಸೈನ್ 50, ಫುಲ್ ಚಾರ್ಜ್ 46. ಅಂದರೆ ಬ್ಯಾಟರಿ ಚೆನ್ನಾಗೇ ಇದೆ! ಎಸ್3 ಇಲ್ಲ, ಎಸ್0 ಮಾತ್ರ. ಈಗ ಎಚ್ಚರ ಇರೋದು ಯಾರು ಅಂತ ಹಿಡಿಯೋದು ಹೇಗೆ?

ಫರ್ಮ್‌ವೇರ್_ಕಿರಣ್
ಅಡ್ಮಿನ್ ಆಗಿ ಟರ್ಮಿನಲ್ ತೆಗೆದು 'ಪವರ್‌ಸಿಎಫ್‌ಜಿ /ಸ್ಲೀಪ್‌ಸ್ಟಡಿ'. ಕಳೆದ ಮೂರು ದಿನದ ಒಂದೊಂದು ನಿದ್ದೆಯೂ ಒಂದೊಂದು ಸಾಲಾಗಿ ಬರುತ್ತೆ. ರಾತ್ರಿಯ ಸಾಲು ಒತ್ತಿದರೆ 'ಟಾಪ್ ಅಫೆಂಡರ್ಸ್' ಪಟ್ಟಿ ಇರುತ್ತೆ, ಯಾವ ಭಾಗ ಎಷ್ಟು ಹೊತ್ತು ಎಚ್ಚರ ಇತ್ತು ಅಂತ. ಹಾರ್ಡ್‌ವೇರ್ ಲೋ ಪವರ್ ಪರ್ಸೆಂಟ್ ಸೊನ್ನೆ ಹತ್ತಿರ ಇದ್ದರೆ ಮಷೀನ್ ಆಳದ ನಿದ್ದೆ ಕಂಡೇ ಇಲ್ಲ ಅಂತ ಅರ್ಥ.

ಇನ್ನೊಂದು: ಚಾರ್ಜರ್ ಹಾಕಿದ್ದಾಗ ವಿಂಡೋಸ್ ಹಿನ್ನೆಲೆ ಕೆಲಸಗಳಿಗೆ ಹೆಚ್ಚು ಅವಕಾಶ ಕೊಡುತ್ತೆ. ಹಾಗಾಗಿ ಮೊದಲು ಚಾರ್ಜರ್ ಕಿತ್ತು, ಆಮೇಲೆ ಮುಚ್ಚಿ.

ಗಣೇಶ್_ಬಿಸಿಎ
ಹೈಬರ್ನೇಟ್ (ತೆರೆದಿರೋ ಕೆಲಸವನ್ನ ಡಿಸ್ಕ್‌ಗೆ ಬರೆದಿಟ್ಟು ಆಫ್ ಆಗೋದು) ಇಟ್ಟರೆ ಸಾಕಲ್ವಾ ಸರ್? ಆದರೆ ದಿನಾ ಹೈಬರ್ನೇಟ್ ಮಾಡಿದರೆ ಎಸ್‌ಎಸ್‌ಡಿ (ಫೈಲ್ ಇಡೋ ಡಿಸ್ಕ್) ಸವೆದು ಹೋಗುತ್ತೆ ಅಂತ ನಮ್ಮ ಸೀನಿಯರ್ ಹೇಳ್ತಾರೆ.

ಉಜಿರೆ_ಲಿನಕ್ಸ್
ಲೆಕ್ಕ ಹಾಕು ಗಣೇಶ್. ವಿಂಡೋಸ್‌ನಲ್ಲಿ ಹೈಬರ್ನೇಟ್ ಫೈಲ್ ಸಾಮಾನ್ಯವಾಗಿ ರ‍್ಯಾಮ್‌ನ 40 ಪರ್ಸೆಂಟ್. 16 ಜಿಬಿ ಇದ್ದರೆ ಸುಮಾರು 6.4 ಜಿಬಿ. ದಿನಾ ಒಂದು ಸಲ ಅಷ್ಟೂ ಬರೆದರೂ ವರ್ಷಕ್ಕೆ 2.3 ಟಿಬಿ. 512 ಜಿಬಿ ಎಸ್‌ಎಸ್‌ಡಿಗಳಿಗೆ 150ರಿಂದ 300 ಟಿಬಿ ಬರೆಯುವ ಗ್ಯಾರಂಟಿ ಕೊಡುವುದು ಸಾಮಾನ್ಯ. ಸವೆಯುವುದರೊಳಗೆ ಲ್ಯಾಪ್‌ಟಾಪ್ ಹಳತಾಗಿರುತ್ತದೆ. ಆ ಹೆದರಿಕೆ ಬಿಡು.

ಹುಬ್ಬಳ್ಳಿ_ರಿಪೇರಿ
ಹೈಬರ್ನೇಟ್ ಚಲೋ ಐತಿ, ನಾ ಒಪ್ಪತೀನಿ. ಆದ್ರ ಆ ಆಯ್ಕೆ ಮೆನುದಾಗ ಕಾಣಂಗಿಲ್ಲ. ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್ ಒಳಗ ಹೋಗಿ ಮುಚ್ಚಳ ಮುಚ್ಚಿದ್ರ ಏನಾಗಬೇಕು ಅನ್ನೋದ್ರಾಗ ಹೈಬರ್ನೇಟ್ ಆರಿಸಬೇಕು. ಕಾಣದಿದ್ರ ಅಡ್ಮಿನ್ ಟರ್ಮಿನಲ್‌ದಾಗ 'ಪವರ್‌ಸಿಎಫ್‌ಜಿ /ಎಚ್ ಆನ್'. ಇಷ್ಟೆಲ್ಲ ಯಾರು ಮಾಡ್ತಾರ? ಹಳ್ಳಿಯಿಂದ ಬಂದ ಹುಡುಗರು, ಡಿಟಿಪಿ ಮಾಡೋ ಅಕ್ಕಂದಿರು, ಅವ್ರಿಗೆ ಶಟ್‌ಡೌನ್ ಬಟನ್ ಗೊತ್ತೈತಿ. ಅದಕ್ಕ ನಾ ಅದನ್ನ ಹೇಳತೀನಿ, ಮುಂದೂ ಹೇಳತೀನಿ.

ಸುಮಾ_ತುಮಕೂರು
ಸ್ಲೀಪ್‌ಸ್ಟಡಿಯಲ್ಲಿ ಸಿಕ್ಕಿತು. ಪಟ್ಟಿಯ ಮೊದಲನೇ ಹೆಸರು ವೈಫೈ ಅಡಾಪ್ಟರ್, ರಾತ್ರಿಯ ಬಹುಪಾಲು ಎಚ್ಚರ. ಡ್ರೈವರ್ ಅಪ್‌ಡೇಟ್ ಮಾಡಿ, ಮುಚ್ಚಳಕ್ಕೆ ಹೈಬರ್ನೇಟ್ ಇಟ್ಟೆ. ಇವತ್ತು ಬೆಳಗ್ಗೆ ಇಟ್ಟಷ್ಟೇ ಇತ್ತು! ಬ್ಯಾಗೂ ತಣ್ಣಗಿತ್ತು. ಆದರೆ ಶಟ್‌ಡೌನ್ ಮಾಡಿದರೂ ಇಳಿಯೋದು?

ಉಜಿರೆ_ಲಿನಕ್ಸ್
ಅದು ಫಾಸ್ಟ್ ಸ್ಟಾರ್ಟಪ್. ವಿಂಡೋಸ್ ಶಟ್‌ಡೌನ್ ಅಂದರೂ ಪೂರ್ತಿ ಮುಚ್ಚುವುದಿಲ್ಲ, ಮತ್ತೆ ಬೇಗ ಶುರುವಾಗಲಿ ಅಂತ ಕರ್ನಲ್ ಸ್ಥಿತಿಯನ್ನು ಉಳಿಸಿಡುತ್ತದೆ.

ಫರ್ಮ್‌ವೇರ್_ಕಿರಣ್
ಪೂರ್ತಿ ಮುಚ್ಚಲ್ಲ ಅನ್ನೋದು ನಿಜ, ಆದರೆ ಕರ್ನಲ್ ಬರೆದಿಡೋದು ಡಿಸ್ಕ್‌ಗೆ. ಡಿಸ್ಕ್‌ನಲ್ಲಿರೋ ಫೈಲ್ ಕರೆಂಟ್ ತಿನ್ನಲ್ಲ. ಎರಡು ದಿನಕ್ಕೆ 5 ವ್ಯಾಟ್-ಅವರ್ ಅಂದರೆ 0.1 ವ್ಯಾಟ್ ಆಯ್ತು. ಲಿಥಿಯಂ ಬ್ಯಾಟರಿ ತಾನಾಗಿ ಇಳಿಯೋದು ತಿಂಗಳಿಗೆ ಕೆಲವೇ ಪರ್ಸೆಂಟ್, ಎರಡು ದಿನಕ್ಕೆ ಹತ್ತು ಅಲ್ಲ. ಅಂದರೆ ಆಫ್ ಇದ್ದಾಗಲೂ ಬೇರೇನೋ ಕರೆಂಟ್ ತಿನ್ತಿರಬಹುದು. ಬಯಾಸ್‌ನಲ್ಲಿ ಆಫ್ ಇದ್ದಾಗಲೂ ಯುಎಸ್‌ಬಿ ಚಾರ್ಜ್ ಕೊಡೋ ಆಯ್ಕೆ ಇರುತ್ತೆ, ಅದನ್ನೂ ವೇಕ್ ಆನ್ ಲ್ಯಾನ್ (ನೆಟ್‌ವರ್ಕ್‌ನಿಂದ ಮಷೀನ್ ಎಬ್ಬಿಸೋ ಆಯ್ಕೆ) ಅನ್ನೂ ಆಫ್ ಮಾಡಿ. ಪೋರ್ಟ್‌ನಲ್ಲಿ ಮೌಸ್ ಡಾಂಗಲ್ ಬಿಟ್ಟಿದ್ದರೆ ಕೀಳಿ. ಫಾಸ್ಟ್ ಸ್ಟಾರ್ಟಪ್ ಮೇಲೆ ಅನುಮಾನ ಇದ್ದರೆ ಶಿಫ್ಟ್ ಒತ್ತಿಕೊಂಡೇ ಶಟ್‌ಡೌನ್ ಕೊಡಿ, ಆ ಒಂದು ಸಲಕ್ಕೆ ಪೂರ್ತಿ ಮುಚ್ಚುತ್ತೆ.

ಹುಬ್ಬಳ್ಳಿ_ರಿಪೇರಿ
ಇಷ್ಟು ಮಾಡಿದ ಮ್ಯಾಲೂ ಹಂಗ ಇಳದ್ರ ಬೋರ್ಡಿನ್ಯಾಗ ಕರೆಂಟ್ ಲೀಕೇಜ್ ಇರಬಹುದು, ಅವಾಗ ಬಿಚ್ಚಿ ಅಳೀಬೇಕು. ವಾರಂಟಿ ಇದ್ರ ರಿಪೋರ್ಟ್ ಎರಡೂ ಪ್ರಿಂಟ್ ತಗೊಂಡು ಹೋಗ್ರಿ, ಬರೇ ಬಾಯಿ ಮಾತಿನ್ಯಾಗ ವಾಪಸ್ ಬರಬ್ಯಾಡ್ರಿ. ಬ್ಯಾಸಗಿ ರಜಾಕ್ಕ ತಿಂಗಳಗಟ್ಟಲೆ ಇಡೋದಿದ್ರ ಅರ್ಧ ಚಾರ್ಜ್ ಮಾಡಿ ಇಡ್ರಿ. ಸೊನ್ನೆಗೆ ಇಳಿಸಿ ಇಟ್ರ ಸೆಲ್ ಸತ್ತು ಹೋಗ್ತಾವ, ಆಮ್ಯಾಲ ಚಾರ್ಜ ಹಿಡಿಯಂಗಿಲ್ಲ. ಟಚ್‌ಪ್ಯಾಡ್ ಮ್ಯಾಲ ಎದ್ದಂಗ ಕಂಡ್ರ, ತಳಾ ಉಬ್ಬಿದ್ರ, ಚಾರ್ಜರ್ ಹಚ್ಚಲೇಬ್ಯಾಡ್ರಿ, ಸೀದಾ ಅಂಗಡಿಗೆ ತರ್ರಿ.