ಸಹಾಯ ಬೇಕು: ಮಿನ್ನೆಸೋಟದ ಚಳಿಗೆ ಹೀಟ್ ಪಂಪ್ ಹಾಕಿಸಿದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ತುಮಕೂರಿನಿಂದ ಬರೆಯುತ್ತಿದ್ದೇನೆ. ನಮ್ಮ ಮಗಳು, ಅಳಿಯ ಅಮೆರಿಕದ ಮಿನ್ನೆಸೋಟದಲ್ಲಿ ಹಳೇ ಮನೆ ತೆಗೆದುಕೊಂಡಿದ್ದಾರೆ. ಅಲ್ಲಿ ಜನವರಿಯಲ್ಲಿ ಮೈನಸ್ 25 ಡಿಗ್ರಿಗೂ ಇಳಿಯುತ್ತದೆ. ಮೊನ್ನೆ ವಿಡಿಯೋ ಕಾಲ್‌ನಲ್ಲಿ ನೋಡಿದೆ, ಕಿಟಕಿ ಗಾಜಿನ ಒಳಗಡೆಯೇ ಮಂಜು ಗಟ್ಟಿಯಾಗಿ ಕಟ್ಟಿತ್ತು. ಮೊಮ್ಮಗು ಮನೆಯೊಳಗೇ ಉಲ್ಲನ್ ಟೋಪಿ ಹಾಕಿಕೊಂಡು ಕೂತಿತ್ತು. ಹೊಟ್ಟೆ ಚುರ್ ಅಂದಿತು.

ಗ್ಯಾಸ್ ಉರಿಸಿ ಮನೆ ಬಿಸಿ ಮಾಡುವ ಫರ್ನೇಸ್ ಹಳೆಯದಾಗಿದೆ, ಹೀಟ್ ಪಂಪ್ ಹಾಕಿಸೋಣ ಅಂತಿದ್ದಾರೆ. ಎಸಿಯನ್ನೇ ಉಲ್ಟಾ ನಡೆಸಿದ ಹಾಗೆ ಅದು, ಹೊರಗಿನ ಗಾಳಿಯ ಬಿಸಿಯನ್ನು ಎಳೆದು ಒಳಗೆ ತರುತ್ತದೆ. ಚಳಿ ಜಾಸ್ತಿಯಾದಷ್ಟೂ ಅದರ ಶಕ್ತಿ ಕುಗ್ಗುತ್ತದೆ ಅಲ್ವಾ, ನನಗೆ ಅದೇ ಚಿಂತೆ. ಫರ್ನೇಸ್ ಕಿತ್ತುಹಾಕದೆ ಬ್ಯಾಕಪ್‌ಗೆ ಇಟ್ಟುಕೊಳ್ಳಿ ಅಂತ ಹೇಳಿದ್ದೇನೆ.

ಹೀಟ್ ಪಂಪ್ ಖರ್ಚಿನ 30 ಪರ್ಸೆಂಟ್, 2,000 ಡಾಲರ್‌ವರೆಗೆ ಸಿಗುತ್ತಿದ್ದ ಫೆಡರಲ್ (ಅಲ್ಲಿನ ಕೇಂದ್ರ ಸರ್ಕಾರದ) ತೆರಿಗೆ ರಿಯಾಯಿತಿ 2025ರ ಡಿಸೆಂಬರ್ 31ಕ್ಕೇ ಮುಗಿದುಹೋಯಿತು. ಕಡಿಮೆ, ಮಧ್ಯಮ ಆದಾಯದವರಿಗೆ 8,000 ಡಾಲರ್‌ವರೆಗೆ ರಿಬೇಟ್ ಕೊಡಬಹುದು ಅಂತ 2022ರ ಕಾನೂನಿನಲ್ಲಿದೆ. ಆದರೆ ಅದನ್ನು ಹಂಚುವುದು ಆಯಾ ರಾಜ್ಯ.

ನಿಮ್ಮ ಮಕ್ಕಳು ಅಲ್ಲಿ ಹಾಕಿಸಿದ್ದರೆ ದಯವಿಟ್ಟು ತಿಳಿಸಿ. ವೈರಿಂಗ್ ಎಲ್ಲಾ ಸೇರಿ ಕೈಯಿಂದ ಎಷ್ಟು ಬಿತ್ತು? ರಿಬೇಟ್ ಬಿಲ್‌ನಲ್ಲೇ ಕಳೆದರಾ, ಆಮೇಲೆ ಬಂತಾ? ಜನವರಿ ಕರೆಂಟ್ ಬಿಲ್ ಎಷ್ಟು? ಈ ಭಾನುವಾರ ಮಗಳಿಗೆ ಹೇಳಬೇಕು.